ಎಂಜಿನ್‌ಗೆ ಅಶ್ವಶಕ್ತಿ ಹೆಚ್ಚಿತು, ಚಾಲಕರಿಗೆ ವಿಶ್ರಾಂತಿ ಹೆಚ್ಚಲಿಲ್ಲ: ಗೂಡ್ಸ್ ರೈಲು ಓಡಿಸುವುದೆಂದರೆ ಏನು?

ವಂದೇ ಭಾರತ್ ರೈಲಿಗೆ ಹಸಿರು ಬಾವುಟ ತೋರಿಸುವ ಫೋಟೋ ನಮ್ಮ ಫೀಡಿನಲ್ಲಿ ಆಗಾಗ ಬಂದೇ ಬರುತ್ತೆ. ಆದರೆ ಭಾರತೀಯ ರೈಲ್ವೆಯ ಹೊಟ್ಟೆ ತುಂಬಿಸುವುದು ಪ್ರಯಾಣಿಕರಲ್ಲ, ಸರಕು. ಇಲಾಖೆಯ ಸಂಚಾರ ಆದಾಯದಲ್ಲಿ ಸುಮಾರು ಮೂರನೇ ಎರಡು ಪಾಲು ಗೂಡ್ಸ್ ರೈಲುಗಳದ್ದು. ವರ್ಷಕ್ಕೆ 150 ಕೋಟಿ ಟನ್‌ಗೂ ಹೆಚ್ಚು ಸರಕು ಹಳಿ ಮೇಲೆ ಹೋಗುತ್ತೆ, ಅದರಲ್ಲಿ ಹತ್ತಿರಹತ್ತಿರ ಅರ್ಧ ಕಲ್ಲಿದ್ದಲು. ನಿಮ್ಮ ಫೋನ್ ಚಾರ್ಜ್ ಆಗುವುದರಲ್ಲೂ ರಾಯಚೂರಿನ ಶಕ್ತಿನಗರಕ್ಕೆ ಕಲ್ಲಿದ್ದಲು ತಂದು ಸುರಿಯುವ ಯಾವುದೋ ಗೂಡ್ಸ್ ರೈಲಿನ ಪಾಲಿದೆ.

ನಾನು ಓದಿದ್ದು ಎಂಜಿನಿಯರಿಂಗ್, ಬರೆಯುವುದು ರಾಜಕೀಯ. ಇವೆರಡೂ ಒಂದೇ ಕಡೆ ಸೇರುವ ಜಾಗ ಗೂಡ್ಸ್ ರೈಲಿನ ಎಂಜಿನ್ ಕ್ಯಾಬ್ ಅನ್ನಿಸುತ್ತೆ. ಒಂದು ಗೂಡ್ಸ್ ರೈಲು ಎಷ್ಟು ಎಳೆಯುತ್ತೆ, ಎಷ್ಟು ಬೇಗ ನಿಲ್ಲುತ್ತೆ ಅನ್ನೋದನ್ನ ನಿರ್ಧರಿಸುವುದು ಬರೀ ಅಶ್ವಶಕ್ತಿಯಲ್ಲ. ಹಳಿಯ ಮೇಲಿನ ಹಿಡಿತ, ಬ್ರೇಕ್ ಪೈಪಿನ ಗಾಳಿ, ಒಳಗೆ ಕೂತ ಇಬ್ಬರ ಎಚ್ಚರ, ಈ ಮೂರೂ ಸೇರಿ ನಿರ್ಧರಿಸುತ್ತವೆ. ಸರ್ಕಾರಗಳು ದುಡ್ಡು ಸುರಿದಿದ್ದು, ಪ್ರಚಾರ ಮಾಡಿದ್ದು ಅಶ್ವಶಕ್ತಿಗೆ. ಇಬ್ಬರ ಎಚ್ಚರ ಮಾತ್ರ ಪುಕ್ಕಟೆ ಸಿಗುತ್ತೆ ಅಂತ ಲೆಕ್ಕ ಹಾಕಿದ ಹಾಗಿದೆ. ಒಂದೊಂದಾಗಿ ನೋಡೋಣ.

ಎಂಜಿನ್ ಮೇಲಿನ ಅಕ್ಷರಗಳು

ಎಂಜಿನ್ ಪಕ್ಕದಲ್ಲಿ ಬರೆದಿರುವ ಡಬ್ಲ್ಯೂಎಜಿ-9 ಥರದ ಹೆಸರು ಗುಟ್ಟಿನ ಭಾಷೆಯೇನಲ್ಲ. ಡಬ್ಲ್ಯೂ ಅಂದರೆ ಬ್ರಾಡ್‌ಗೇಜ್. ಎರಡನೇ ಅಕ್ಷರ ಎ ಇದ್ದರೆ ವಿದ್ಯುತ್, ಡಿ ಇದ್ದರೆ ಡೀಸೆಲ್. ಮೂರನೆಯದು ಕೆಲಸ: ಜಿ ಅಂದರೆ ಗೂಡ್ಸ್, ಪಿ ಅಂದರೆ ಪ್ಯಾಸೆಂಜರ್, ಎಂ ಅಂದರೆ ಎರಡಕ್ಕೂ ಸೈ. ಕೊನೆಯ ಅಂಕಿ ಮಾದರಿಯದ್ದು.

ಇವತ್ತು ನಿಮಗೆ ಹೆಚ್ಚಾಗಿ ಕಾಣಿಸುವವು ಇವು:

ಡಬ್ಲ್ಯೂಎಜಿ-7: 1990ರ ದಶಕದ್ದು, ಚಿತ್ತರಂಜನ್ ಕಾರ್ಖಾನೆಯದು. 5,000 ಅಶ್ವಶಕ್ತಿ, ಡಿಸಿ ಮೋಟಾರ್. ಹಳೆಯ ಕಾಲದ ಗಟ್ಟಿ ಆಳು.

ಡಬ್ಲ್ಯೂಎಜಿ-9: ಎಬಿಬಿ ಕಂಪನಿಯ ತಂತ್ರಜ್ಞಾನದಿಂದ ಬಂದ ತ್ರೀ-ಫೇಸ್ ಎಂಜಿನ್. ಸುಮಾರು 6,000 ಅಶ್ವಶಕ್ತಿ. ಬ್ರೇಕ್ ಹಾಕುವಾಗ ಮೋಟಾರೇ ಜನರೇಟರ್ ಆಗಿ ಕರೆಂಟನ್ನು ತಂತಿಗೆ ವಾಪಸ್ ಕಳಿಸುತ್ತೆ.

ಡಬ್ಲ್ಯೂಡಿಜಿ-4: ಅಮೆರಿಕದ ಇಎಂಡಿ ವಿನ್ಯಾಸದ ಡೀಸೆಲ್ ಎಂಜಿನ್. ಮೊದಲು 4,000, ಆಮೇಲೆ 4,500 ಅಶ್ವಶಕ್ತಿ. ನಮ್ಮ ಹುಬ್ಬಳ್ಳಿ ಡೀಸೆಲ್ ಶೆಡ್ ಇವುಗಳ ದೊಡ್ಡ ನೆಲೆ.

ಡಬ್ಲ್ಯೂಎಜಿ-12ಬಿ: ಬಿಹಾರದ ಮಧೇಪುರದಲ್ಲಿ ಆಲ್‌ಸ್ಟಮ್ ಜೊತೆಗಿನ ಪಾಲುದಾರಿಕೆಯಲ್ಲಿ ತಯಾರಾಗುವ 12,000 ಅಶ್ವಶಕ್ತಿಯ ಜೋಡಿ ಎಂಜಿನ್. 2015ರಲ್ಲಿ 800 ಎಂಜಿನ್‌ಗಳ ಒಪ್ಪಂದ ಆಯಿತು, 2020ರ ಮೇ ತಿಂಗಳಲ್ಲಿ ಮೊದಲನೆಯದು ಸರಕು ಎಳೆಯಲು ಇಳಿಯಿತು.

ಇದರ ಜೊತೆಗೆ ಗುಜರಾತಿನ ದಾಹೋದ್‌ನಲ್ಲಿ ಸೀಮೆನ್ಸ್ ಜೊತೆ 9,000 ಅಶ್ವಶಕ್ತಿಯ 1,200 ಎಂಜಿನ್‌ಗಳ ಯೋಜನೆ ನಡೆಯುತ್ತಿದೆ. ದಿಕ್ಕು ಸ್ಪಷ್ಟ: ಇನ್ನೂ ಭಾರ, ಇನ್ನೂ ಉದ್ದ. 2022ರ ಆಗಸ್ಟ್ 15ರಂದು ಕೊರ್ಬಾದಿಂದ ಹೊರಟ 'ಸೂಪರ್ ವಾಸುಕಿ' ರೈಲಿಗೆ 295 ವ್ಯಾಗನ್, 6 ಎಂಜಿನ್, ಮೂರೂವರೆ ಕಿಲೋಮೀಟರ್ ಉದ್ದ, ಕಲ್ಲಿದ್ದಲು ಸೇರಿ ಒಟ್ಟು ತೂಕ ಸುಮಾರು 26,000 ಟನ್.

ಹನ್ನೆರಡು ನಾಣ್ಯಗಳಷ್ಟು ಜಾಗ

ದಾಖಲೆ ಬಿಡಿ, ದಿನನಿತ್ಯದ ರೈಲು ತಗೊಳ್ಳಿ. ಕಲ್ಲಿದ್ದಲು, ಅದಿರು ತುಂಬುವ ಬಾಕ್ಸ್ಎನ್ ವ್ಯಾಗನ್‌ಗಳು 58-59 ಸೇರಿದರೆ ಒಂದು ರೇಕ್. ಉದ್ದ 600 ಮೀಟರ್ ಮೀರುತ್ತೆ, ತುಂಬಿದ ತೂಕ 5,000 ಟನ್ ಆಸುಪಾಸು.

ಉಕ್ಕಿನ ಚಕ್ರ ಉಕ್ಕಿನ ಹಳಿಯನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ನಾಣ್ಯದಷ್ಟು. ಡಬ್ಲ್ಯೂಎಜಿ-9ಕ್ಕೆ ಹನ್ನೆರಡು ಚಕ್ರ. ಹನ್ನೆರಡು ನಾಣ್ಯಗಳಷ್ಟು ಜಾಗದ ಹಿಡಿತದಲ್ಲೇ 5,000 ಟನ್ ಹೊರಡಬೇಕು. ಎಂಜಿನ್ ತೂಕ 123 ಟನ್, ಹೊರಡುವಾಗ ಅದು ಎಳೆಯಬಲ್ಲ ಬಲ ಸುಮಾರು 47 ಟನ್. ಅಂದರೆ ತನ್ನ ತೂಕದ ಶೇ. 38ರಷ್ಟು. ಇದಕ್ಕಿಂತ ಜಾಸ್ತಿ ಎಳೆಯಲು ಹೋದರೆ ಮೋಟಾರಿಗೆ ಶಕ್ತಿ ಇದ್ದರೂ ಚಕ್ರ ಇದ್ದಲ್ಲೇ ಗಿರಕಿ ಹೊಡೆಯುತ್ತೆ. ಅದಕ್ಕೇ ಗೂಡ್ಸ್ ಎಂಜಿನ್ ಹಗುರ ಇರಬಾರದು. ಡಬ್ಲ್ಯೂಎಜಿ-9ಎಚ್ ಅನ್ನುವ ಮಾದರಿಯಲ್ಲಿ ಹಿಡಿತ ಹೆಚ್ಚಿಸಲೆಂದೇ ತೂಕ ತುಂಬಿ 132 ಟನ್ ಮಾಡಿದ್ದಾರೆ.

ಹಿಡಿತದ ದೊಡ್ಡ ಶತ್ರು ಜೋರು ಮಳೆಯಲ್ಲ, ತುಂತುರು. ಜೋರು ಮಳೆ ಹಳಿಯನ್ನು ತೊಳೆದುಬಿಡುತ್ತೆ. ತುಂತುರು ಮಾತ್ರ ಹಳಿಯ ಮೇಲಿನ ಎಣ್ಣೆ, ದೂಳಿನ ಜೊತೆ ಸೇರಿ ಜಾರುವ ಪದರ ಕಟ್ಟುತ್ತೆ. ಆಗ ಚಕ್ರದ ಮುಂದೆ ಮರಳು ಬಿಡುತ್ತಾರೆ. ಹೌದು, 12,000 ಅಶ್ವಶಕ್ತಿಯ ಎಂಜಿನ್ನಿನಲ್ಲೂ ಮರಳಿನ ಪೆಟ್ಟಿಗೆ ಇರುತ್ತೆ. ಹೊಸ ತ್ರೀ-ಫೇಸ್ ಎಂಜಿನ್‌ಗಳಲ್ಲಿ ಚಕ್ರ ಜಾರುವುದನ್ನು ಕಂಪ್ಯೂಟರ್ ಕ್ಷಣದಲ್ಲಿ ಹಿಡಿಯುತ್ತೆ. ಡಬ್ಲ್ಯೂಎಜಿ-7ರಲ್ಲಿ ಆ ಕೆಲಸದ ದೊಡ್ಡ ಪಾಲು ಚಾಲಕರ ಕಿವಿ ಮತ್ತು ಕೈಯದ್ದು: ಸದ್ದು ಬದಲಾದ ಕೂಡಲೇ ನಾಚ್ ಇಳಿಸಬೇಕು, ಹಿಡಿತ ಸಿಕ್ಕ ಮೇಲೆ ಮತ್ತೆ ಮೆಲ್ಲಗೆ ಏರಿಸಬೇಕು.

ಏರು ಬಂದರೆ ಲೆಕ್ಕವೇ ಬೇರೆ. ಸಮತಟ್ಟಿನಲ್ಲಿ 5,000 ಟನ್ ರೈಲನ್ನು ಓಡುತ್ತಾ ಇಡಲು ಸುಮಾರು 10 ಟನ್ ಬಲ ಸಾಕು. 100 ಮೀಟರ್‌ಗೆ ಒಂದು ಮೀಟರ್ ಏರಿದರೆ, ಬಸ್ಸಿನಲ್ಲಿ ಕೂತವರಿಗೆ ಗೊತ್ತೂ ಆಗದ ಆ ಏರಿಗೆ, ಇನ್ನೂ 50 ಟನ್ ಬಲ ಸೇರಬೇಕು.

ನಿಲ್ಲಿಸುವುದೇ ಕಷ್ಟ

ಗಂಟೆಗೆ 75 ಕಿ.ಮೀ. ವೇಗದ 5,000 ಟನ್ ರೈಲಿನಲ್ಲಿರುವ ಚಲನಶಕ್ತಿ ಸುಮಾರು 300 ಯೂನಿಟ್ ವಿದ್ಯುತ್ತಿಗೆ ಸಮ. ಗೃಹಜ್ಯೋತಿಯ 200 ಯೂನಿಟ್ ಮಿತಿಯ ಲೆಕ್ಕದಲ್ಲಿ, ಒಂದು ಮನೆಯ ಒಂದೂವರೆ ತಿಂಗಳ ಪೂರ್ತಿ ಉಚಿತ ಕರೆಂಟು. ಅಷ್ಟನ್ನೂ ಒಂದೆರಡು ನಿಮಿಷದಲ್ಲಿ ಬಿಸಿಯಾಗಿ ಕರಗಿಸಬೇಕು. ತುರ್ತು ಬ್ರೇಕ್ ಹಾಕಿದರೂ ರೈಲು ನಿಲ್ಲಲು ಒಂದು ಕಿಲೋಮೀಟರ್ ಆಸುಪಾಸು ಬೇಕಾಗಬಹುದು.

ರೈಲಿನ ಉದ್ದಕ್ಕೂ ಒಂದು ಬ್ರೇಕ್ ಪೈಪ್ ಹೋಗಿರುತ್ತೆ. ಅದರಲ್ಲಿ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡದ ಗಾಳಿ. ಕಾರಿನಲ್ಲಿ ಬ್ರೇಕ್ ಒತ್ತಿದರೆ ಒತ್ತಡ ಹೆಚ್ಚುತ್ತೆ, ಇಲ್ಲಿ ಉಲ್ಟಾ. ಗಾಳಿ ಹೊರಗೆ ಬಿಟ್ಟರೆ ಬ್ರೇಕ್ ಬೀಳುತ್ತೆ. ಪೈಪ್ ಒಡೆದರೂ, ಕೊಂಡಿ ಕಳಚಿದರೂ ರೈಲು ತಾನಾಗೇ ನಿಲ್ಲಲಿ ಅನ್ನೋದು ಇದರ ಹಿಂದಿನ ಜಾಣತನ. ಆದರೆ ಗಾಳಿ ಇಳಿದ ಸುದ್ದಿ 600 ಮೀಟರ್ ಹಿಂದಿರುವ ಕೊನೆಯ ವ್ಯಾಗನ್ ಮುಟ್ಟಲು ಹೊತ್ತು ಬೇಕು. ಮುಂದಿನವು ಹಿಡಿದಿರುತ್ತವೆ, ಹಿಂದಿನವು ಇನ್ನೂ ನುಗ್ಗುತ್ತಿರುತ್ತವೆ. ಕೊಂಡಿಗಳ ನಡುವಿನ ಸಡಿಲ ಜಾಗ ಸಾಲಾಗಿ ಮುಚ್ಚಿಕೊಳ್ಳುತ್ತಾ ಬರುತ್ತೆ. ರಾತ್ರಿ ಊರಾಚೆ ಕೇಳುವ ಆ ದಡದಡ ಸದ್ದು ಅದೇ. ಅಜಾಗರೂಕತೆಯಿಂದ ಎಳೆದರೆ, ತಡೆದರೆ ಕೊಂಡಿ ತುಂಡಾಗಿ ರೈಲು ಎರಡು ಹೋಳಾಗುತ್ತೆ.

ಇನ್ನೊಂದು ತೊಡಕು: ಬ್ರೇಕ್ ಬಿಟ್ಟ ಮೇಲೆ ಪ್ರತಿ ವ್ಯಾಗನ್ನಿನ ಗಾಳಿ ಮತ್ತೆ ತುಂಬಲು ಸಮಯ ಬೇಕು. ಪದೇ ಪದೇ ಹಾಕಿ ಬಿಟ್ಟರೆ ನಿಜವಾಗಿ ಬೇಕಾದಾಗ ಗಾಳಿಯೇ ಸಾಲದು. ಅದಕ್ಕೇ ಗೂಡ್ಸ್ ಓಡಿಸುವವರು ಎದುರಿಗೆ ಕಾಣುವ ಹಳಿಗಲ್ಲ, ಎರಡು ಕಿಲೋಮೀಟರ್ ಮುಂದಿನ ಹಳಿಗೆ ಬ್ರೇಕ್ ಹಾಕುತ್ತಾರೆ.

ನಿಂತ ರೈಲೂ ಸುಮ್ಮನಿರಲ್ಲ. 2024ರ ಫೆಬ್ರವರಿ 25ರಂದು ಜಮ್ಮುವಿನ ಕಠುವಾದಲ್ಲಿ ನಿಲ್ಲಿಸಿದ್ದ, ಜಲ್ಲಿ ತುಂಬಿದ 53 ವ್ಯಾಗನ್‌ಗಳ ರೈಲು ಇಳಿಜಾರಿನಲ್ಲಿ ತಾನಾಗೇ ಹೊರಟು, ಚಾಲಕರಿಲ್ಲದೆ ಸುಮಾರು 70 ಕಿ.ಮೀ. ಓಡಿ ಪಂಜಾಬಿನಲ್ಲಿ ನಿಂತಿತು. ಎಂಜಿನ್ ನಿಲ್ಲಿಸಿದರಷ್ಟೇ ಸಾಲದು. ಹ್ಯಾಂಡ್‌ಬ್ರೇಕ್ ತಿರುಗಿಸಬೇಕು, ಚಕ್ರಕ್ಕೆ ಅಡ್ಡ ಇಡಬೇಕು. ಇವೆಲ್ಲ ಕೈಯಲ್ಲಿ ಮಾಡುವ ಕೆಲಸ, ಕೈ ಸೋತಾಗ ತಪ್ಪಿಹೋಗುವ ಕೆಲಸ.

ನಮ್ಮ ಘಾಟಿಗಳು

ಈ ಭೌತಶಾಸ್ತ್ರವೆಲ್ಲ ಒಟ್ಟಿಗೆ ಕಾಣಬೇಕೆಂದರೆ ದೂರ ಹೋಗಬೇಕಿಲ್ಲ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗ, 50ಕ್ಕೆ 1ರ ಏರು. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ದೂಧ್‌ಸಾಗರದ ದಾರಿ ಇನ್ನೂ ಕಡಿದು, 37ಕ್ಕೆ 1. ಮೊರ್ಮುಗಾಂವ್ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬರುವ ಕಲ್ಲಿದ್ದಲು ಹತ್ತುವುದು ಇದೇ ದಾರಿಯಲ್ಲಿ. ಇದನ್ನು ಜೋಡಿಹಳಿ ಮಾಡುವ ಯೋಜನೆಯ ವಿರುದ್ಧ ಗೋವಾದಲ್ಲಿ ನಡೆದ ಹೋರಾಟ ನಿಮಗೆ ನೆನಪಿರಬಹುದು. ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು.

50ಕ್ಕೆ 1ರ ಏರಿನಲ್ಲಿ 5,000 ಟನ್ ಹಿಂದಕ್ಕೆ ಎಳೆಯುವ ಬಲ 100 ಟನ್. 37ಕ್ಕೆ 1ರಲ್ಲಿ 135 ಟನ್. ಒಂದು ಎಂಜಿನ್ನಿನ ಕೈಯಲ್ಲಿ ಆಗುವ ಮಾತಲ್ಲ. ಹಾಗಂತ ಎಲ್ಲ ಎಂಜಿನ್ನುಗಳನ್ನೂ ಮುಂದೆ ಕಟ್ಟಿದರೆ ಮೊದಲ ವ್ಯಾಗನ್ನಿನ ಕೊಂಡಿಯ ಮೇಲೆ ಇಡೀ ರೈಲಿನ ಭಾರ ಬಿದ್ದು ಅದು ಕಿತ್ತುಬರಬಹುದು. ಹಾಗಾಗಿ ಕೆಲವು ಮುಂದೆ ಎಳೆಯುತ್ತವೆ, ಕೆಲವು ಹಿಂದಿನಿಂದ ತಳ್ಳುತ್ತವೆ. ತಳ್ಳುವವಕ್ಕೆ ಬ್ಯಾಂಕರ್ ಅಂತ ಹೆಸರು. ಮುಂದಿನ ಮತ್ತು ಹಿಂದಿನ ಚಾಲಕರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ, ನಡುವೆ ಸುರಂಗ, ತಿರುವು. ವಾಕಿಟಾಕಿ, ಹಾರ್ನ್ ಮತ್ತು ಅನುಭವದ ಮೇಲೆ ತಾಳ ಹೊಂದಿಸಬೇಕು.

ಹತ್ತುವುದಕ್ಕಿಂತ ಇಳಿಯುವುದೇ ಅಪಾಯ. ಹತ್ತುವಾಗ ಸೋತರೆ ರೈಲು ನಿಲ್ಲುತ್ತೆ, ಇಳಿಯುವಾಗ ಸೋತರೆ ಓಡುತ್ತೆ. ಘಾಟಿಗಳಲ್ಲಿ ಗಂಟೆಗೆ 30 ಕಿ.ಮೀ.ಯಂಥ ಮಿತಿ ಇರುವುದು, ಹಿಡಿತ ತಪ್ಪಿದ ರೈಲನ್ನು ಪಕ್ಕದ ಏರು ಹಳಿಗೆ ತಿರುಗಿಸಿ ನಿಲ್ಲಿಸುವ ಕ್ಯಾಚ್ ಸೈಡಿಂಗ್ ಇರುವುದು ಅದಕ್ಕೇ. ಮಳೆಗಾಲದಲ್ಲಿ ಗುಡ್ಡವೂ ಜಾರುತ್ತೆ. 2024ರ ಜುಲೈನಲ್ಲಿ ಎಡಕುಮೇರಿ ಬಳಿ ಭೂಕುಸಿತವಾಗಿ ಬೆಂಗಳೂರು-ಮಂಗಳೂರು ರೈಲು ಸಂಚಾರ ನಿಂತುಹೋಗಿತ್ತು.

ಕ್ಯಾಬಿನ ಒಳಗೆ

ಒಳಗೆ ಇಬ್ಬರು: ಲೋಕೋ ಪೈಲಟ್ ಮತ್ತು ಸಹಾಯಕ ಲೋಕೋ ಪೈಲಟ್. ರೈಲಿನ ತುದಿಯಲ್ಲಿ ಗಾರ್ಡ್, 2022ರಿಂದ ಅವರ ಹೆಸರು ಟ್ರೈನ್ ಮ್ಯಾನೇಜರ್. ಎಕ್ಸ್‌ಪ್ರೆಸ್ ರೈಲಿನ ಸಿಬ್ಬಂದಿಗೆ ವೇಳಾಪಟ್ಟಿ ಇರುತ್ತೆ. ಗೂಡ್ಸ್ ಸಿಬ್ಬಂದಿಗೆ 'ಕಾಲ್' ಬರುತ್ತೆ, ಸಾಮಾನ್ಯವಾಗಿ ಎರಡು ಗಂಟೆ ಮುಂಚೆ. ಅದು ಮಧ್ಯಾಹ್ನದ ಊಟದ ಹೊತ್ತಿರಬಹುದು, ರಾತ್ರಿ ಎರಡು ಗಂಟೆಯೂ ಇರಬಹುದು.

ಬಂದವರು ಉಸಿರಿನ ಪರೀಕ್ಷೆ ಕೊಟ್ಟು ಸೈನ್-ಆನ್ ಮಾಡುತ್ತಾರೆ. ಎಲ್ಲೆಲ್ಲಿ ನಿಧಾನ ಹೋಗಬೇಕು ಅನ್ನುವ ಕಾಷನ್ ಆರ್ಡರ್ ಕೈಗೆ ಬರುತ್ತೆ. ಹೊರಟ ಮೇಲೆ ಮೊದಲು ಬ್ರೇಕ್ ಹೇಗೆ ಹಿಡಿಯುತ್ತೆ ಅಂತ ಪರೀಕ್ಷೆ ಮಾಡಬೇಕು, ಯಾಕಂದರೆ ಒಂದು ರೇಕ್ ಇದ್ದ ಹಾಗೆ ಇನ್ನೊಂದಿರಲ್ಲ. ಪ್ರತಿ ಸಿಗ್ನಲ್ಲಿನ ಬಣ್ಣವನ್ನು ಇಬ್ಬರೂ ಕೈ ತೋರಿಸಿ ಜೋರಾಗಿ ಹೇಳಿಕೊಳ್ಳಬೇಕು. ವಿದ್ಯುತ್ ಮಾರ್ಗದಲ್ಲಿ ಅಲ್ಲಲ್ಲಿ ಕರೆಂಟಿಲ್ಲದ ತುಂಡು ತಂತಿ ಬರುತ್ತೆ, ಅದಕ್ಕೆ ನ್ಯೂಟ್ರಲ್ ಸೆಕ್ಷನ್ ಅನ್ನುತ್ತಾರೆ. ಅದರ ಮುಂಚೆ ಬ್ರೇಕರ್ ತೆಗೆದು, ಓಟದ ಬಲದಲ್ಲೇ ದಾಟಬೇಕು. ಏರಿನಲ್ಲಿ ವೇಗ ಸಾಲದೆ ಅಲ್ಲಿ ನಿಂತರೆ 12,000 ಅಶ್ವಶಕ್ತಿಯೂ ಕಬ್ಬಿಣದ ಗುಡ್ಡೆ.

ಇದರ ಮಧ್ಯೆ ಒಂದು ಯಂತ್ರ ಚಾಲಕರ ಎಚ್ಚರವನ್ನು ಅಳೆಯುತ್ತಿರುತ್ತೆ. ಸುಮಾರು ಒಂದು ನಿಮಿಷ ಯಾವ ಹಿಡಿಕೆ, ಹಾರ್ನ್, ಗುಂಡಿಯನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತೆ, ಬಝರ್ ಕೂಗುತ್ತೆ, ಆಮೇಲೆ ತಾನೇ ಬ್ರೇಕ್ ಹಾಕುತ್ತೆ. ಗಮನಿಸಿ: ಅದು ಅಳೆಯುವುದು ಕೈ ಆಡುತ್ತಿದೆಯೇ ಅನ್ನೋದನ್ನ. ತಲೆ ಎಚ್ಚರವಿದೆಯೇ ಅನ್ನೋದನ್ನಲ್ಲ.

ಎಷ್ಟೋ ಹೊತ್ತು ರೈಲು ಓಡುವುದೂ ಇಲ್ಲ. ಪ್ಯಾಸೆಂಜರ್ ರೈಲುಗಳಿಗೆ ದಾರಿ ಬಿಡಲು ಲೂಪ್ ಲೈನಿನಲ್ಲಿ ಕಾಯುವುದೇ ಗೂಡ್ಸಿನ ಹಣೆಬರಹ. ಸರಾಸರಿ ವೇಗ ಗಂಟೆಗೆ 25 ಕಿ.ಮೀ., ಐದು ವರ್ಷದಲ್ಲಿ ಅದನ್ನು ಎರಡು ಪಟ್ಟು ಮಾಡುತ್ತೇವೆ ಅಂತ 2016ರಲ್ಲಿ 'ಮಿಷನ್ ರಫ್ತಾರ್' ಘೋಷಣೆಯಾಯಿತು. ಆ ಗುರಿ ಇನ್ನೂ ದೂರವೇ ಇದೆ.

ಇನ್ನೊಂದು ವಿಚಿತ್ರ ನೋಡಿ. ಬಡ್ತಿಯ ಏಣಿಯಲ್ಲಿ ಸಹಾಯಕರು ಮೊದಲು ಗೂಡ್ಸ್ ಲೋಕೋ ಪೈಲಟ್ ಆಗುತ್ತಾರೆ, ಆಮೇಲೆ ಪ್ಯಾಸೆಂಜರ್, ಕೊನೆಗೆ ಮೇಲ್-ಎಕ್ಸ್‌ಪ್ರೆಸ್. ಅಂದರೆ ಅತಿ ಭಾರದ, ಅತಿ ಅನಿಶ್ಚಿತ ವೇಳೆಯ ರೈಲು ಸಿಗುವುದು ಏಣಿಯ ಕೆಳಗಿನ ಮೆಟ್ಟಿಲಲ್ಲಿ ಇರುವವರಿಗೆ.

30 ಗಂಟೆಯ ಲೆಕ್ಕ

ನಿಯಮದ ಪ್ರಕಾರ ಓಡಿಸುವ ಡ್ಯೂಟಿ ಒಂದು ಸಲಕ್ಕೆ 9 ಗಂಟೆ. ಸೈನ್-ಆನ್‌ನಿಂದ ಲೆಕ್ಕ ಹಾಕಿದರೆ ಸಾಮಾನ್ಯ ಮಿತಿ 11 ಗಂಟೆ. ವಾರದ ರಜೆಯ ಬದಲು ತಿಂಗಳಿಗೆ ನಾಲ್ಕು ಸಲ 30 ಗಂಟೆ, ಇಲ್ಲವೇ ಐದು ಸಲ 22 ಗಂಟೆ ವಿಶ್ರಾಂತಿ.

30 ಗಂಟೆ ಅಂದರೆ ಒಂದು ದಿನಕ್ಕಿಂತ ಜಾಸ್ತಿ ಆಯ್ತಲ್ಲ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಶನಿವಾರ ಸಂಜೆ 6ಕ್ಕೆ ಆಫೀಸ್ ಬಿಟ್ಟು ಸೋಮವಾರ ಬೆಳಗ್ಗೆ 10ಕ್ಕೆ ಹೋಗುವವರಿಗೆ ಒಂದೇ ಭಾನುವಾರ ರಜೆ ಇದ್ದರೂ ಸಿಗುವುದು 40 ಗಂಟೆ. ಲೋಕೋ ಪೈಲಟ್‌ಗಳಿಗೆ ದೊಡ್ಡ ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಹೇಗೂ 16 ಗಂಟೆ ವಿಶ್ರಾಂತಿ ಇದೆ. ವಾರದ 30 ಗಂಟೆ ಇದನ್ನು ಒಳಗೆ ಹಾಕಿಕೊಂಡರೆ, ವಾರದ ರಜೆ ಅಂತ ಹೆಚ್ಚಿಗೆ ಸಿಕ್ಕಿದ್ದು 14 ಗಂಟೆ. ಅವರ ಸಂಘಟನೆ ಕೇಳುವುದು 16ರ ಜೊತೆಗೆ 30, ಒಟ್ಟು 46. ಜೊತೆಗೆ ಸತತ ರಾತ್ರಿ ಪಾಳಿ ಎರಡಕ್ಕೆ ನಿಲ್ಲಲಿ ಅಂತ. 2024ರ ಜೂನ್‌ನಲ್ಲಿ ದಕ್ಷಿಣ ರೈಲ್ವೆಯ ಲೋಕೋ ಪೈಲಟ್‌ಗಳು ಈ ವಿಶ್ರಾಂತಿಯನ್ನು ತಾವಾಗೇ ತೆಗೆದುಕೊಂಡು ಪ್ರತಿಭಟಿಸಿದರು.

ಊಟ, ಶೌಚದ ಮಾತು ಇನ್ನೂ ಕಹಿ. ಹಳೆಯ ಎಂಜಿನ್‌ಗಳಲ್ಲಿ ಬಹುಪಾಲಿಗೆ ಶೌಚಾಲಯವಿಲ್ಲ. 2016ರಲ್ಲಿ ಎಂಜಿನ್ನಿನಲ್ಲಿ ಜೈವಿಕ ಶೌಚಾಲಯ ಅಂತ ಉದ್ಘಾಟನೆಯಾಯಿತು. ಆಮೇಲೆ ಕೆಲವು ನೂರು ಎಂಜಿನ್‌ಗಳಿಗೆ ನೀರಿಲ್ಲದ ಮೂತ್ರಾಲಯ ಬಂತು. ಅಷ್ಟರಲ್ಲಿ ಸುರೇಖಾ ಯಾದವ್ ಎಂಬ ಹೆಣ್ಣುಮಗಳು 1989ರಲ್ಲಿ ಸಹಾಯಕ ಚಾಲಕಿಯಾಗಿ ಸೇರಿ, ಮೂರು ದಶಕಕ್ಕೂ ಹೆಚ್ಚು ದುಡಿದು, 2025ರಲ್ಲಿ ನಿವೃತ್ತರೂ ಆದರು. ಊಟಕ್ಕೆ, ಶೌಚಕ್ಕೆ ನಿಗದಿತ ಬಿಡುವು ಕೊಡುವ ನಿಯಮ ಮಾಡುವುದು ಕಾರ್ಯಸಾಧ್ಯವಲ್ಲ ಅಂತ ರೈಲ್ವೆ ಮಂಡಳಿ 2025ರ ಏಪ್ರಿಲ್‌ನಲ್ಲಿ ತಿಳಿಸಿತು.

ಇಲಾಖೆಯ ವಾದವನ್ನೂ ಹೇಳಬೇಕು. ಸಾವಿರಾರು ಕ್ಯಾಬ್‌ಗಳಿಗೆ ಎಸಿ ಹಾಕಿದ್ದೇವೆ, ರನ್ನಿಂಗ್ ರೂಮುಗಳನ್ನು ಸುಧಾರಿಸಿದ್ದೇವೆ, ರೈಲು ನಿಂತಾಗ ಸಿಬ್ಬಂದಿ ನಿಲ್ದಾಣದ ಸೌಲಭ್ಯ ಬಳಸಬಹುದು ಅಂತ ಅದು ಹೇಳುತ್ತೆ. ಮೊದಲೆರಡು ನಿಜವಾದ ಸುಧಾರಣೆಗಳೇ. ಮೂರನೆಯದಕ್ಕೆ ಮಾತ್ರ ನನ್ನ ತಕರಾರಿದೆ. ಗೂಡ್ಸ್ ರೈಲು ನಿಲ್ಲುವುದು ಪ್ಲಾಟ್‌ಫಾರಂನಲ್ಲಿ ಅಲ್ಲ. ಅದು ನಿಲ್ಲುವುದು ಜಲ್ಲಿ ಮತ್ತು ಮುಳ್ಳುಗಿಡದ ಪಕ್ಕದ ಲೂಪಿನಲ್ಲಿ, ಸಿಗ್ನಲ್ ಯಾವಾಗ ಹಸಿರಾಗುತ್ತೋ ಗೊತ್ತಿಲ್ಲದೆ. ಕಠುವಾದ ಘಟನೆಯ ಮೇಲೆ ಎಂಜಿನ್ ಬಿಟ್ಟು ಹೋಗಿ ಅಂತ ಯಾರು ಹೇಳುತ್ತಾರೆ?

ರಂಗಾಪಾನಿಯಲ್ಲಿ ಏನಾಯ್ತು?

2024ರ ಜೂನ್ 17ರ ಬೆಳಗ್ಗೆ ಪಶ್ಚಿಮ ಬಂಗಾಳದ ರಂಗಾಪಾನಿ ಬಳಿ ಗೂಡ್ಸ್ ರೈಲೊಂದು ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗುದ್ದಿತು. ಗೂಡ್ಸ್‌ನ ಲೋಕೋ ಪೈಲಟ್ ಸೇರಿ ಹಲವರು ಸತ್ತರು. ಗೂಡ್ಸ್ ಚಾಲಕರು ಸಿಗ್ನಲ್ ಕಡೆಗಣಿಸಿದ್ದೇ ಕಾರಣ ಅಂತ ರೈಲ್ವೆ ಮಂಡಳಿಯ ಅಧ್ಯಕ್ಷರು ಅವತ್ತೇ ಹೇಳಿದರು. ಉತ್ತರ ಕೊಡಬೇಕಾದವರು ಬದುಕಿರಲಿಲ್ಲ.

ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಬೇರೆ ಚಿತ್ರ ಕೊಟ್ಟಿತು. ಸ್ವಯಂಚಾಲಿತ ಸಿಗ್ನಲ್‌ಗಳು ಬೆಳಗಿನಿಂದಲೇ ಕೆಟ್ಟಿದ್ದವು. ಕೆಂಪು ದಾಟಲು ಚಾಲಕರಿಗೆ ಲಿಖಿತ ಅನುಮತಿ ಕೊಟ್ಟಿದ್ದರು. ಆ ಕಾಗದದಲ್ಲಿ ಎಷ್ಟು ವೇಗ ಮೀರಬಾರದು ಅನ್ನೋದೇ ಇರಲಿಲ್ಲ. ಅದೇ ಬೆಳಗ್ಗೆ ಅಂಥದ್ದೇ ಕಾಗದ ಹಿಡಿದು ಹೋದ ಬೇರೆ ರೈಲುಗಳ ಚಾಲಕರೂ ಬೇರೆಬೇರೆ ವೇಗದಲ್ಲಿ ಹೋಗಿದ್ದರು. ಸಿಬ್ಬಂದಿಗೆ ತರಬೇತಿ, ತಿಳಿವಳಿಕೆ ಸಾಲದು, ಹಲವು ಹಂತಗಳಲ್ಲಿ ಲೋಪವಿದೆ ಅಂದಿತು ವರದಿ. ಅದೇ ಜೂನ್‌ನಲ್ಲಿ ಮಂಡಳಿ ಸಹಾಯಕ ಲೋಕೋ ಪೈಲಟ್ ನೇಮಕಾತಿಯ ಸಂಖ್ಯೆಯನ್ನು 5,696ರಿಂದ 18,799ಕ್ಕೆ ಏರಿಸಿತು. ಅಂದರೆ ಅಷ್ಟು ಜನ ಕಡಿಮೆ ಇದ್ದರು ಅನ್ನೋದು ಇಲಾಖೆಗೇ ಗೊತ್ತಿತ್ತು.

ಕೆಂಪು ಸಿಗ್ನಲ್ ದಾಟದಂತೆ ರೈಲನ್ನು ತಾನೇ ತಡೆಯುವ 'ಕವಚ್' ವ್ಯವಸ್ಥೆ ಇದೆ. ನಮ್ಮ ಬೀದರ್‌ನಿಂದ ಪರಳಿ ಕಡೆಗಿನ ಮಾರ್ಗ ಅದು ಮೊದಲು ಬಂದ ಮಾರ್ಗಗಳಲ್ಲೊಂದು. ಆದರೆ ದೇಶದ ಜಾಲಕ್ಕೆ ಹೋಲಿಸಿದರೆ ಅದು ಹರಡಿರುವುದು ಸ್ವಲ್ಪವೇ. ರಂಗಾಪಾನಿಯಲ್ಲಿ ಅದಿರಲಿಲ್ಲ.

ಕೇಳಬೇಕಾದ ಪ್ರಶ್ನೆಗಳು

ನಮ್ಮ ಸಂಸದರು ಕೇಳುವುದು ಹೊಸ ರೈಲು, ಹೊಸ ನಿಲುಗಡೆ. ಅದು ತಪ್ಪಲ್ಲ. 2024ರಿಂದ ರೈಲ್ವೆ ರಾಜ್ಯ ಸಚಿವರಾಗಿರುವುದು ತುಮಕೂರಿನ ಸಂಸದರು, ಹಾಗಾಗಿ ಪ್ರಶ್ನೆ ಕೇಳಲು ನಮಗೆ ದೆಹಲಿಯೂ ದೂರವಲ್ಲ. ನೈರುತ್ಯ ರೈಲ್ವೆಯ ಎಷ್ಟು ಗೂಡ್ಸ್ ಎಂಜಿನ್‌ಗಳಲ್ಲಿ ಹೆಣ್ಣುಮಕ್ಕಳೂ ಬಳಸಬಹುದಾದ ಶೌಚಾಲಯವಿದೆ? ಕಳೆದ ತಿಂಗಳು ಎಷ್ಟು ಸಿಬ್ಬಂದಿ 11 ಗಂಟೆ ಮೀರಿ ಡ್ಯೂಟಿ ಮಾಡಿದರು, ಎಷ್ಟು ಜನ ಎರಡಕ್ಕಿಂತ ಹೆಚ್ಚು ರಾತ್ರಿ ಸತತವಾಗಿ ಓಡಿಸಿದರು? ಸಕಲೇಶಪುರ ಘಾಟಿಗೆ ಕವಚ್ ಯಾವ ವರ್ಷ? ಸೈನ್-ಆನ್, ಸೈನ್-ಆಫ್ ಎಲ್ಲ ಕಂಪ್ಯೂಟರಿನಲ್ಲೇ ದಾಖಲಾಗುತ್ತೆ, ಹಾಗಾಗಿ ಮಾಹಿತಿ ಲಭ್ಯವಿಲ್ಲ ಅನ್ನುವ ಉತ್ತರ ಇಲ್ಲಿ ನಡೆಯಲ್ಲ. ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ. ನಾನು ಒಂದು ಹಾಕುತ್ತೇನೆ, ನಿಮ್ಮೂರಿನ ವಿಭಾಗದ ಬಗ್ಗೆ ನೀವೂ ಒಂದು ಹಾಕಿ.